ನಲವತ್ತರ ಹೊಸ್ತಿಲಲ್ಲಿ ಇಬ್ಬರು ಗೆಳತಿಯರು

ಹತ್ತಿರದ ಅಕ್ಷರ ಮಸುಕಾಗತೊಡಗಿದಾಗ ನಮ್ಮ ಹಿರಿಯರು 'ಚಾಳೀಸು ಬಂತು' ಎನ್ನುತ್ತಿದ್ದರು. ಚಾಳೀಸು ಎಂದರೆ ನಲವತ್ತು. ವಯಸ್ಸಿನ ಲೆಕ್ಕವೇ ಕಣ್ಣಿನ ದೋಷಕ್ಕೂ, ಆ ದೋಷಕ್ಕೆ ಹಾಕಿಕೊಳ್ಳುವ ಕನ್ನಡಕಕ್ಕೂ ಹೆಸರಾಗಿ ನಿಂತಿತು. ಪುಸ್ತಕವನ್ನು ತೋಳು ಚಾಚಿ ಕೊಂಚ ದೂರ ಹಿಡಿದರೆ ಮಾತ್ರ ಅಕ್ಷರ ಸ್ಪಷ್ಟವಾಗುವ ಕಾಲ ಅದು. ಬಾಳನ್ನು ಓದುವುದಕ್ಕೂ ಹಾಗೆ ಸ್ವಲ್ಪ ದೂರ ಬೇಕೋ ಏನೋ! ನಲವತ್ತರ ತನಕ ಮುಖಕ್ಕೆ ಒತ್ತಿಕೊಂಡು ಬದುಕಿದ್ದರ ಅರ್ಥ ಆಮೇಲೆ ತಾನೆ ತಿಳಿಯುವುದು?

ಬರೆಯುವ ಹೆಂಗಸಿಗೆ ನಲವತ್ತು ಎಂದರೇನು? ಈ ಪ್ರಶ್ನೆಗೆ ಇಂಗ್ಲೆಂಡಿನ ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಒಂದು ಕಾಗದದಲ್ಲಿ ಉತ್ತರ ಕೊಟ್ಟಿದ್ದಾಳೆ. ಆ ಕಾಗದ ಬರೆದದ್ದು 1862ರ ಸೆಪ್ಟೆಂಬರಿನಲ್ಲಿ, ಆಕೆಗೆ ಐವತ್ತೆರಡು ತುಂಬುವುದಕ್ಕೆ ನಾಲ್ಕು ದಿನ ಮುಂಚೆ. ಯಾರೋ ಒಬ್ಬ ಗೃಹಿಣಿ ತಾನು ಬರೆದ ಕಥೆಯ ಹಸ್ತಪ್ರತಿಯನ್ನು ಕಳುಹಿಸಿ ಅಭಿಪ್ರಾಯ ಕೇಳಿದ್ದಳು. ಅವಳಿಗೆ ಎಳೆಯ ಮಕ್ಕಳು, ಮೈಯಲ್ಲಿ ಕಸುವು ಸಾಲದು, ಮನೆಗೆಲಸ ಮುಗಿಯದು. ಗ್ಯಾಸ್ಕೆಲ್ ಕಥೆಯ ಮಾತಿನ ಜೊತೆಗೆ ಮನೆಯ ಮಾತನ್ನೂ ಧಾರಾಳವಾಗಿ ಆಡಿದಳು. ಕೊಳೆಬಟ್ಟೆಗೆ ಸೋಪು ಹಚ್ಚಿ ಕೆಲವು ಗಂಟೆ ಮುಂಚೆಯೇ ನೆನೆಹಾಕಿದರೆ ಒಗೆತ ಹಗುರವಾಗುತ್ತದೆ, ಕೆಲಸವನ್ನು ಕೊನೆಯ ಗಳಿಗೆಗೆ ತಳ್ಳಬಾರದು ಎಂದೆಲ್ಲ ಹೇಳಿದಳು. ಅನಂತರ ನಿಜವಾದ ವಿಷಯಕ್ಕೆ ಬಂದಳು. ಮಕ್ಕಳು ಚಿಕ್ಕವರಾಗಿರುವಾಗ ಕಾದಂಬರಿಯ ಗೊಡವೆ ಬೇಡ. ತಾನೂ ಆಗ ಬರೆಯಲಿಲ್ಲ. ಕಲ್ಪನೆಯ ಜನ ಮನಸ್ಸನ್ನು ತುಂಬಿಕೊಂಡರೆ ಮನೆಯಲ್ಲಿರುವ ನಿಜವಾದ ಜನಕ್ಕೆ ಅಲ್ಲಿ ಎಡೆಯಿಲ್ಲದಂತಾಗುತ್ತದೆ. ನಿನ್ನಲ್ಲಿ ಶಕ್ತಿಯಿದ್ದರೆ ನಲವತ್ತರ ವಯಸ್ಸಿನಲ್ಲಿ ಈಗಿನದಕ್ಕಿಂತ ಹತ್ತರಷ್ಟು ಒಳ್ಳೆಯ ಕಾದಂಬರಿ ಬರೆಯುತ್ತೀಯೆ. ಹೆಂಡತಿಯಾಗಿ ತಾಯಿಯಾಗಿ ಅಷ್ಟು ಬಾಳಿರುತ್ತೀಯಲ್ಲ—ಇದು ಆ ಕಾಗದದ ಸಾರ.

ಇದು ಬಾಳಿ ಬಲ್ಲವಳ ಬುದ್ಧಿವಾದ. ತಳ್ಳಿಹಾಕುವಂಥದಲ್ಲ. ಆದರೂ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಕಾಯುವವಳಿಗೆಲ್ಲ ನಲವತ್ತು ಬಂದೇ ಬರುತ್ತದೆ ಎಂದು ಭರವಸೆ ಕೊಡುವವರು ಯಾರು? ಹಾಗೆ ಬರುವುದಿಲ್ಲವೆಂಬುದು ಗ್ಯಾಸ್ಕೆಲ್‌ಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಏಳು ವರ್ಷ ಹಿಂದೆ ಆಕೆಯ ಗೆಳತಿಯೊಬ್ಬಳು ಮೂವತ್ತೆಂಟರಲ್ಲಿ ಕಣ್ಣು ಮುಚ್ಚಿದ್ದಳು. ನಲವತ್ತಕ್ಕೆ ಕಾಯದೆ ಬರೆದ ಆ ಗೆಳತಿಯ ಹೆಸರು ಷಾರ್ಲೆಟ್ ಬ್ರಾಂಟೆ. ಅವಳ ಜೀವನಚರಿತ್ರೆಯನ್ನು ಬರೆದವಳು ಈ ಗ್ಯಾಸ್ಕೆಲ್‌ಳೇ.

ಈ ಇಬ್ಬರ ಸ್ನೇಹ ಐದು ವರ್ಷವೂ ತುಂಬಲಿಲ್ಲ. ಒಬ್ಬಳ ಮನೆಗೆ ಇನ್ನೊಬ್ಬಳು ಹೋಗಿ ಇಳಿದುಕೊಂಡದ್ದನ್ನು ಕೈಬೆರಳಲ್ಲಿ ಎಣಿಸಬಹುದು. ಆದರೆ ಬರೆಯುವ ಹೆಣ್ಣಿನ ಮನಸ್ಸನ್ನು ಇಂದಿಗೂ ಕಾಡುವ ಪ್ರಶ್ನೆಯೊಂದು ಆ ಸ್ನೇಹದಲ್ಲಿ ಹುಟ್ಟಿತು. ಅದಕ್ಕಾಗಿ ಅದರ ಕಥೆಯನ್ನು ಇನ್ನೊಮ್ಮೆ ಹೇಳಬೇಕು.

ಎಲಿಜಬೆತ್ ಹುಟ್ಟಿದ್ದು 1810ರಲ್ಲಿ, ಲಂಡನ್ನಿನಲ್ಲಿ. ವರ್ಷ ತುಂಬಿ ತಿಂಗಳಾಗುವಷ್ಟರಲ್ಲಿ ತಾಯಿ ತೀರಿಕೊಂಡಳು. ಮಗುವನ್ನು ನಟ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ತಾಯಿಯ ಅಕ್ಕ ಸಾಕಿದಳು. 1832ರಲ್ಲಿ ಮ್ಯಾಂಚೆಸ್ಟರಿನ ಯೂನಿಟೇರಿಯನ್ ಪಂಥದ ಪಾದ್ರಿ ವಿಲಿಯಂ ಗ್ಯಾಸ್ಕೆಲ್‌ನ ಕೈಹಿಡಿದಳು. ಮೊದಲ ಹೆಣ್ಣುಮಗು ಹುಟ್ಟುವಾಗಲೇ ಸತ್ತಿತ್ತು. ಆಮೇಲೆ ನಾಲ್ವರು ಹೆಣ್ಣುಮಕ್ಕಳು ಬೆಳೆದರು. ನಡುವೆ ಹುಟ್ಟಿದ ಒಬ್ಬನೇ ಗಂಡುಮಗ, ಇನ್ನೂ ವರ್ಷ ತುಂಬದ ಕೂಸು, 1845ರಲ್ಲಿ ಜ್ವರದಿಂದ ಹೋಯಿತು. ತಾಯಿ ಹಾಸಿಗೆ ಹಿಡಿದಳು. ದುಃಖವನ್ನು ಮರೆಯಲು ದೊಡ್ಡದಾಗಿ ಏನನ್ನಾದರೂ ಬರೆ ಎಂದು ಗಂಡನೇ ಸೂಚಿಸಿದ. ಹೀಗೆ ಹುಟ್ಟಿದ್ದು 'ಮೇರಿ ಬಾರ್ಟನ್'. ಮ್ಯಾಂಚೆಸ್ಟರಿನ ಗಿರಣಿ ಕೂಲಿಗಳ ಹಸಿವಿನ ಕಥೆ. 1848ರ ಅಕ್ಟೋಬರಿನಲ್ಲಿ, ಲೇಖಕಿಯ ಹೆಸರಿಲ್ಲದೆ ಅದು ಪ್ರಕಟವಾಯಿತು. ಹಿಂದಿನ ತಿಂಗಳಷ್ಟೇ ಆಕೆಗೆ ಮೂವತ್ತೆಂಟು ತುಂಬಿತ್ತು. ಒಬ್ಬಳ ಬಾಳು ಮುಗಿದ ವಯಸ್ಸಿನಲ್ಲಿ ಇನ್ನೊಬ್ಬಳ ಮೊದಲ ಕಾದಂಬರಿ ಹೊರಬಂದಿತು!

ಪುಸ್ತಕದಿಂದ ಹೆಸರು ಬಂತು. ಹೆಸರಿನಿಂದ ಬಿಡುವೇನೂ ಬರಲಿಲ್ಲ. 1850ರ ಬೇಸಗೆಯಲ್ಲಿ ಸಂಸಾರ ಪ್ಲಿಮತ್ ಗ್ರೋವ್ ಎಂಬ ಬೀದಿಯ ದೊಡ್ಡ ಮನೆಗೆ ಬಂತು. ಬಾಡಿಗೆ ವರ್ಷಕ್ಕೆ 150 ಪೌಂಡು. ಸುತ್ತ ಬಡವರು ಹಸಿದಿರುವಾಗ ಇಂಥ ಮನೆ ತಮಗೆ ಸಲ್ಲುವುದೆ ಎಂಬ ಅಳುಕು ಆಕೆಯನ್ನು ಬಿಡಲಿಲ್ಲ. ಆ ಅಳುಕನ್ನು ಆಕೆ ತೋಡಿಕೊಂಡದ್ದು ಚಿತ್ರಕಾರ್ತಿಯಾದ ಗೆಳತಿ ಎಲೈಜಾ ಫಾಕ್ಸ್‌ಳಿಗೆ. ನನ್ನೊಳಗೆ ಹಲವು 'ನಾನು'ಗಳಿವೆ ಎಂದು ಆಕೆ ಬರೆದಳು. ಒಬ್ಬಳು ದೇವರಿಗೂ ಬಡವರಿಗೂ ಸೇರಿದವಳು. ಒಬ್ಬಳು ಹೆಂಡತಿ ಮತ್ತು ತಾಯಿ. ಇನ್ನೊಬ್ಬಳಿಗೆ ಚೆಲುವಾದುದೆಲ್ಲ ಬೇಕು. ಈ ಮೂವರನ್ನೂ ಒಂದೇ ಸೂರಿನಡಿ ಹೊಂದಿಸುವುದು ಹೇಗೆ? ಹೆಂಗಸಿಗೆ ಮನೆಯೇ ಮೊದಲು ಎಂದು ಆಕೆ ನಂಬಿದ್ದಳು. ಆದರೆ ಸಣ್ಣಪುಟ್ಟ ಚಿಂತೆಗಳು ಇರುವೆಯಂತೆ ಮುತ್ತಿ ಕಚ್ಚುವಾಗ ಕಲೆ ಎಂಬ ಒಳಮನೆಯೊಂದಿದ್ದರೆ ಮನಸ್ಸು ಕೆಡದೆ ಉಳಿಯುತ್ತದೆ ಎಂದೂ ನಂಬಿದ್ದಳು.

ಆ ಒಳಮನೆಗೆ ಬಾಗಿಲು ಮಾತ್ರ ಇರಲಿಲ್ಲ. ಆಕೆ ಬರೆಯುತ್ತಿದ್ದದ್ದು ಊಟದ ಕೋಣೆಯಲ್ಲಿ. ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದಾದ ಜಾಗ. ಆಳುಕಾಳುಗಳಿದ್ದರು, ನಿಜ. ಆದರೆ ಅಡಿಗೆಗೆ ಏನು, ಮಗಳ ಪಾಠಕ್ಕೆ ಯಾರು, ಬಂದ ನೆಂಟರಿಗೆ ಹಾಸಿಗೆ ಎಲ್ಲಿ—ಹೇಳಬೇಕಾದವಳು ಆಕೆಯೇ. ಡಿಕನ್ಸ್‌ನ ಪತ್ರಿಕೆಗೆ ಬರೆದ ಕಥೆಯೊಂದಕ್ಕೆ 20 ಪೌಂಡು ಬಂದಾಗ ಗಂಡ ಅದನ್ನು ಸಾವಧಾನವಾಗಿ ತನ್ನ ಜೇಬಿಗಿಳಿಸಿ ಗುಂಡಿ ಹಾಕಿಕೊಂಡನೆಂದು ಎಲೈಜಾಳಿಗೆ ಬರೆದಳು. ಮಾತಿನಲ್ಲಿ ನಗೆಯಿದೆ, ನಗೆಯ ಹಿಂದೆ ಕಾನೂನಿದೆ. ಮದುವೆಯಾದ ಹೆಂಗಸಿನ ಸಂಪಾದನೆ ಗಂಡನದು ಎಂಬುದು ಆಗಿನ ಇಂಗ್ಲೆಂಡಿನ ಕಟ್ಟಳೆ. ಅದು ಸಡಿಲವಾಗತೊಡಗಿದ್ದು 1870ರ ಶಾಸನದಿಂದ. ಅದಕ್ಕೂ ಮುಂಚೆ, 1856ರಲ್ಲಿ ಪಾರ್ಲಿಮೆಂಟಿಗೆ ಹೋದ ಹೆಂಗಸರ ಅರ್ಜಿಗೆ ಗ್ಯಾಸ್ಕೆಲ್ ಕೂಡ ರುಜು ಹಾಕಿದ್ದಳು.

ಈಗ ಇನ್ನೊಂದು ಮನೆಗೆ ಹೋಗೋಣ. ಯಾರ್ಕ್‌ಷೈರಿನ ಬೋಳುಗುಡ್ಡಗಳ ಅಂಚಿನಲ್ಲಿ ಹಾವರ್ತ್ ಎಂಬ ಊರು. ಸ್ಮಶಾನಕ್ಕೆ ಮುಖ ಮಾಡಿ ನಿಂತ ಕಲ್ಲಿನ ಪಾದ್ರಿಮನೆ. ಅಲ್ಲಿ ಬೆಳೆದ ಷಾರ್ಲೆಟ್ ಹುಟ್ಟಿದ್ದು 1816ರಲ್ಲಿ. ಐದು ವರ್ಷದವಳಿರುವಾಗ ತಾಯಿ ಹೋದಳು. ಒಂಬತ್ತರಲ್ಲಿ ಇಬ್ಬರು ಅಕ್ಕಂದಿರು. ಉಳಿದದ್ದು ಷಾರ್ಲೆಟ್, ತಮ್ಮ ಬ್ರಾನ್‌ವೆಲ್, ತಂಗಿಯರಾದ ಎಮಿಲಿ ಮತ್ತು ಆ್ಯನ್. ಇಪ್ಪತ್ತರ ಹರೆಯದಲ್ಲಿ ಷಾರ್ಲೆಟ್ ತನ್ನ ಪದ್ಯಗಳನ್ನು ಆಸ್ಥಾನಕವಿ ಸದೆಗೆ ಕಳುಹಿಸಿದಳು. ಸಾಹಿತ್ಯ ಹೆಣ್ಣಿನ ಬಾಳಿನ ಕಸಬಾಗಲಾರದು, ಆಗಕೂಡದು ಎಂಬರ್ಥದ ಉತ್ತರ 1837ರಲ್ಲಿ ಬಂತು. ಅವಳು ವಿನಯದಿಂದ ವಂದನೆ ತಿಳಿಸಿದಳು. ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಅಕ್ಕತಂಗಿಯರು ಹೊಲಿಗೆಯನ್ನು ಬದಿಗಿಟ್ಟು ಎದ್ದು, ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ಬರೆಯುತ್ತಿದ್ದ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿ ಚರ್ಚಿಸುವರು. 1847ರಲ್ಲಿ ಷಾರ್ಲೆಟ್‌ಳ 'ಜೇನ್ ಐರ್' ಕರರ್ ಬೆಲ್ ಎಂಬ ಗಂಡಸಿನ ಹೆಸರಿನಲ್ಲಿ ಹೊರಬಂದು ಇಂಗ್ಲೆಂಡನ್ನೆಲ್ಲ ಓದಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, ಅದರ ಮುಂದಿನ ಮೇ ತಿಂಗಳಲ್ಲಿ ಆ್ಯನ್—ಎಂಟು ತಿಂಗಳಲ್ಲಿ ಮೂವರೂ ಹೋದರು. ಆಮೇಲೂ ರಾತ್ರಿ ಒಂಬತ್ತಕ್ಕೆ ಆ ಕೋಣೆಯಲ್ಲಿ ಹೆಜ್ಜೆಯ ಸದ್ದು ಕೇಳುತ್ತಿತ್ತು, ಒಬ್ಬಳದೇ ಹೆಜ್ಜೆ. ಅದನ್ನು ಕೇಳಿ ಎದೆ ನೋಯುತ್ತಿತ್ತೆಂದು ಮನೆಗೆಲಸದ ಮಾರ್ತಾ ಮುಂದೆ ಗ್ಯಾಸ್ಕೆಲ್‌ಗೆ ಹೇಳಿದಳು.

ಒಬ್ಬಳಿಗೆ ಮನೆ ತುಂಬ ಜನ, ಬಿಡುವಿಲ್ಲ. ಇನ್ನೊಬ್ಬಳಿಗೆ ಬೇಕಾದಷ್ಟು ಬಿಡುವು, ಜನವಿಲ್ಲ. ಇಂಥ ಇಬ್ಬರು 1850ರ ಆಗಸ್ಟಿನಲ್ಲಿ ವಿಂಡರ್ಮಿಯರ್ ಸರೋವರದ ಬಳಿ, ಇಬ್ಬರಿಗೂ ಆತಿಥ್ಯ ನೀಡಿದ ಗೃಹಸ್ಥರೊಬ್ಬರ ಮನೆಯಲ್ಲಿ, ಮೊದಲ ಬಾರಿ ಭೇಟಿಯಾದರು. ಗ್ಯಾಸ್ಕೆಲ್‌ಗೆ ನಲವತ್ತು ತುಂಬಲು ಒಂದು ತಿಂಗಳಿತ್ತು, ಷಾರ್ಲೆಟ್‌ಗೆ ಮೂವತ್ತನಾಲ್ಕು. ಕಪ್ಪು ರೇಷ್ಮೆಯ ಉಡುಪಿನ, ಮಗುವಿನಷ್ಟು ಪುಟ್ಟ ಹೆಂಗಸೊಬ್ಬಳು ಎದ್ದುಬಂದು ಕೈಕುಲುಕಿ, ಮತ್ತೆ ತನ್ನ ಹೊಲಿಗೆ ಹಿಡಿದು ಕುಳಿತಳು. ಮಾತು ಕಡಿಮೆ, ಆಡಿದ್ದು ತೂಕದ್ದು. ಮೂರು ದಿನದಲ್ಲಿ ಸ್ನೇಹ ಕೂಡಿತು.

ಮುಂದಿನ ವರ್ಷ ಷಾರ್ಲೆಟ್ ಮ್ಯಾಂಚೆಸ್ಟರಿಗೆ ಬಂದಳು. ಹೊಸಬರೆಂದರೆ ಅವಳಿಗೆ ಎಂಥ ಅಂಜಿಕೆಯೆಂದರೆ, ಗ್ಯಾಸ್ಕೆಲ್‌ರ ಮನೆಯಲ್ಲಿ ಒಮ್ಮೆ ಯಾರೋ ಬಂದಾಗ ಪರದೆಯ ಹಿಂದೆ ಅಡಗಿ ನಿಂತಳಂತೆ. ಆದರೆ ಆ ಮನೆಯ ಕಡೆಯ ಮಗು ಜೂಲಿಯಾ ಮೆಲ್ಲನೆ ಬಂದು ತನ್ನ ಕೈಯನ್ನು ಅವಳ ಕೈಯೊಳಗೆ ತೂರಿಸುತ್ತಿದ್ದಳು. ಮಕ್ಕಳಿಲ್ಲದ ಮನೆಯಿಂದ ಬಂದವಳಿಗೆ ಆ ಸ್ಪರ್ಶ ಎಷ್ಟು ದೊಡ್ಡದೆಂಬುದನ್ನು ತಾಯಿ ಗಮನಿಸಿದಳು.

ಬರಹಗಾರರ ಸ್ನೇಹದಲ್ಲಿ ಮತ್ಸರಕ್ಕೆ ಜಾಗ ಸುಲಭ. 1853ರ ಜನವರಿಯಲ್ಲಿ ಗ್ಯಾಸ್ಕೆಲ್‌ಳ 'ರೂತ್' ಬಂದಾಗ ಷಾರ್ಲೆಟ್‌ಳ 'ವಿಲೆಟ್' ಕೂಡ ಸಿದ್ಧವಾಗಿತ್ತು. ಮೋಸಹೋದ ಅವಿವಾಹಿತ ತಾಯಿಯೊಬ್ಬಳ ಕಥೆ 'ರೂತ್'. ಅದನ್ನು ಬರೆಯಲು ಧೈರ್ಯ ಬೇಕಿತ್ತು. ಗಂಡನ ಸಭೆಯ ಕೆಲವರೇ ಅದನ್ನು ಸುಟ್ಟರು. ಅಂಥ ಪುಸ್ತಕಕ್ಕೆ ತನ್ನದು ಅಡ್ಡ ಬರಬಾರದೆಂದು ಷಾರ್ಲೆಟ್ 'ವಿಲೆಟ್'ನ ಪ್ರಕಟಣೆಯನ್ನು ತಿಂಗಳ ಕೊನೆಯವರೆಗೆ ತಡೆಸಿದಳು. ಅದೇ ವರ್ಷ ಗ್ಯಾಸ್ಕೆಲ್ ತನ್ನ ಬಗೆಯಲ್ಲಿ ಇದನ್ನು ತೀರಿಸಿದಳು. ಷಾರ್ಲೆಟ್‌ಳನ್ನು ಬಯಸಿದ ಸಹಾಯಕ ಪಾದ್ರಿ ನಿಕೊಲ್ಸ್ ಬಡವನೆಂದು ತಂದೆ ಮದುವೆಗೆ ಅಡ್ಡಿಯಾಗಿದ್ದ. ಗ್ಯಾಸ್ಕೆಲ್ ಪ್ರಭಾವಶಾಲಿಗಳೊಬ್ಬರಿಗೆ ಗುಟ್ಟಾಗಿ ಬರೆದು, ಆತನಿಗೆ ಏನಾದರೂ ವರಮಾನ ಒದಗಿಸಲು ಪ್ರಯತ್ನಿಸಿದಳು. ತನ್ನ ಕೈವಾಡ ಗೆಳತಿಗೆ ತಿಳಿಯಬಾರದು ಎಂದೂ ಕೇಳಿಕೊಂಡಳು.

ಈ ಲೇಖನದ ಕೇಂದ್ರವಾದ ಪತ್ರ ಬಂದದ್ದು ಅದೇ 1853ರ ಜುಲೈನಲ್ಲಿ. ಷಾರ್ಲೆಟ್‌ಗೆ ಆಗ ಮೂವತ್ತೇಳು. ಅವಳು ಗ್ಯಾಸ್ಕೆಲ್‌ಳನ್ನು ಹೀಗೆ ಕೇಳಿದಳು: ನಿನಗೆ ಅಷ್ಟೊಂದು ಸ್ನೇಹಿತರಿದ್ದಾರೆ, ಅಷ್ಟು ದೊಡ್ಡ ಬಳಗವಿದೆ. ಬರೆಯಲು ಕುಳಿತಾಗ ಆ ಬಂಧಗಳನ್ನೆಲ್ಲ ಬಿಡಿಸಿಕೊಂಡು ನೀನು ನಿನ್ನವಳಾಗಿಯೇ ಇರುವುದು ಸುಲಭವೆ? ಯಾರು ಹೊಗಳುವರು, ಯಾರು ನೋಯುವರು ಎಂಬ ಯೋಚನೆ ಕಣ್ಣಿಗೂ ಸತ್ಯಕ್ಕೂ ನಡುವೆ ಹೊಳೆಯುವ ಮೋಡದಂತೆ ಬಂದು ನಿಲ್ಲುವುದಿಲ್ಲವೆ? ಹೀಗೆ ಕೇಳಿ, ಇದಕ್ಕೆ ಉತ್ತರ ಬರೆಯಬೇಡ, ಉತ್ತರಕ್ಕಾಗಿ ಕೇಳಿದ್ದಲ್ಲ ಎಂದೂ ಹೇಳಿದಳು.

ಗೆಳತಿಯಲ್ಲದವಳು ಇಂಥ ಪ್ರಶ್ನೆ ಕೇಳಲಾರಳು. ಇದರಲ್ಲಿ ಚುಚ್ಚುವ ಉದ್ದೇಶವಿಲ್ಲ. ಕೊಂಚ ಆಸೆಯಿದೆ, ಕೊಂಚ ಭಯವಿದೆ. ಅವಳೂ ಆಗ ಒಂಟಿತನವನ್ನು ಬಿಟ್ಟು ಸಂಸಾರದ ಕಡೆ ನೋಡುತ್ತಿದ್ದಳು. ಬಂಧ ಬಂದರೆ ಬರವಣಿಗೆ ಏನಾದೀತು ಎಂದು ಬಂಧದಲ್ಲಿರುವವಳನ್ನು ಕೇಳಿದಂತಿದೆ.

ಆ ಸೆಪ್ಟೆಂಬರಿನಲ್ಲಿ ಗ್ಯಾಸ್ಕೆಲ್ ಹಾವರ್ತಿಗೆ ಹೋಗಿ ನಾಲ್ಕು ದಿನ ಇದ್ದಳು. ಹಗಲು ಗುಡ್ಡದ ಮೇಲೆ ನಡಿಗೆ. ರಾತ್ರಿ ಮುದುಕ ತಂದೆ ಮಲಗಿದ ಮೇಲೆ ಒಲೆಯ ಮುಂದೆ ಮಾತು. ತಂಗಿಯರು ಹೋದ ಮೇಲೆ ಆ ಕೋಣೆಯಲ್ಲಿ ಬರೆಯುವ ಹೆಂಗಸರಿಬ್ಬರ ಮಾತು ಮತ್ತೆ ಕೇಳಿಸಿತು.

1854ರ ಜೂನ್ 29ರಂದು ಷಾರ್ಲೆಟ್ ನಿಕೊಲ್ಸನನ್ನು ಮದುವೆಯಾದಳು. ಆಮೇಲೆ ಗೆಳತಿಯರು ಭೇಟಿಯಾಗಲಿಲ್ಲ. ಆತ ಇಂಗ್ಲೆಂಡಿನ ಅಧಿಕೃತ ಚರ್ಚಿನ ಕಟ್ಟಾ ಅನುಯಾಯಿ. ಗ್ಯಾಸ್ಕೆಲ್ ದಂಪತಿಗಳು ಬೇರೆ ಪಂಥದವರು. ತಾನು ಹೋದರೆ ಆತನಿಗೆ ಹಿತವಾದೀತೋ ಇಲ್ಲವೋ ಎಂದು ಗ್ಯಾಸ್ಕೆಲ್ ಸಂಕೋಚಪಟ್ಟಳು. ಸಂಕೋಚದಲ್ಲಿ ತಿಂಗಳುಗಳು ಕಳೆದವು. 1855ರ ಮಾರ್ಚ್ 31ರಂದು ಷಾರ್ಲೆಟ್ ತೀರಿಕೊಂಡಳು. ಮೂವತ್ತೊಂಬತ್ತಕ್ಕೆ ಮೂರು ವಾರ ಕಡಿಮೆ. ಕ್ಷಯವೆಂದು ಮರಣಪತ್ರ ಹೇಳಿತು. ಆದರೆ ಅವಳು ಬಸುರಿಯಾಗಿದ್ದಳೆಂದೂ, ವಿಪರೀತ ವಾಂತಿಯಿಂದ ಸೊರಗಿ ಸತ್ತಳೆಂದೂ ಇಂದು ಹಲವರು ತಿಳಿಯುತ್ತಾರೆ. ಸುದ್ದಿ ಗ್ಯಾಸ್ಕೆಲ್‌ಗೆ ಮುಟ್ಟಿದ್ದು ಹಾವರ್ತಿನ ಕಾಗದದ ಅಂಗಡಿಯವನಿಂದ. ಮೊದಲೇ ತಿಳಿದು ಹೋಗಿದ್ದರೆ, ಮನೆಯವರು ಸಿಟ್ಟಾದರೂ ಸರಿ, ಜೀವ ಉಳಿಸಲು ಮಾಡಬೇಕಾದದ್ದನ್ನು ಮಾಡುವಂತೆ ಅವಳನ್ನು ಒಪ್ಪಿಸುತ್ತಿದ್ದೆ ಎಂದು ಆಕೆ ಬರೆದಳು. ಆ ಕಾಲದಲ್ಲಿ ಪಾದ್ರಿಯ ಹೆಂಡತಿಯೊಬ್ಬಳು ಹೀಗೆ ಬರೆಯಬೇಕಾದರೆ ಎದೆಯೊಳಗೆ ಎಷ್ಟು ಬೆಂದಿರಬೇಕು!

ಎರಡೂವರೆ ತಿಂಗಳ ಮೇಲೆ ಷಾರ್ಲೆಟ್‌ಳ ತಂದೆ ಮಗಳ ಚರಿತ್ರೆ ಬರೆದುಕೊಡಬೇಕೆಂದು ಗ್ಯಾಸ್ಕೆಲ್‌ಳನ್ನು ಕೇಳಿದ. ಈ ಯೋಚನೆ ಹುಟ್ಟಿದ್ದು ಇನ್ನೊಬ್ಬ ಗೆಳತಿಯಲ್ಲಿ. ಎಲೆನ್ ನಸ್ಸಿ ಹದಿಮೂರರ ವಯಸ್ಸಿನಲ್ಲಿ ಶಾಲೆಯಲ್ಲಿ ಷಾರ್ಲೆಟ್‌ಗೆ ಜೊತೆಯಾದವಳು. ಕೊನೆಯ ತನಕ ಅವಳ ಕಾಗದಗಳನ್ನು ಜೋಪಾನ ಮಾಡಿದವಳು. ಹೆಂಡತಿಯ ಕಾಗದಗಳನ್ನು ಸುಟ್ಟುಬಿಡಬೇಕೆಂದು ನಿಕೊಲ್ಸ್ ಮದುವೆಯಾದ ವರ್ಷವೇ ಕೇಳಿದ್ದ. ಎಲೆನ್ ಷರತ್ತು ಹಾಕಿ ಒಪ್ಪಿಗೆ ಬರೆದುಕೊಟ್ಟಳು, ಆದರೆ ಸುಡಲಿಲ್ಲ. ಸುಮಾರು 350 ಕಾಗದಗಳು ಅವಳ ಪೆಟ್ಟಿಗೆಯಿಂದ ಗ್ಯಾಸ್ಕೆಲ್‌ಳ ಮೇಜಿಗೆ ಬಂದವು. ಅದೇ ಶಾಲೆಯ ಮೂರನೆಯ ಗೆಳತಿ ಮೇರಿ ಟೇಲರ್ ಇವರೆಲ್ಲರಿಗಿಂತ ದಿಟ್ಟೆ. 1845ರಲ್ಲೇ ನ್ಯೂಜಿಲೆಂಡಿಗೆ ಹಡಗು ಹತ್ತಿ, ವೆಲಿಂಗ್ಟನ್ನಿನಲ್ಲಿ ಅಂಗಡಿ ಇಟ್ಟಳು. ದುಡಿದು ತಿನ್ನುವುದು ಎಲ್ಲ ಹೆಂಗಸರ ಹಕ್ಕು, ನಿನ್ನ ಕಾದಂಬರಿಯಲ್ಲಿ ಅದನ್ನು ಕೆಲವರಿಗೆ ಮಾತ್ರ ಕೊಟ್ಟಿದ್ದೀಯಲ್ಲ ಎಂದು ಷಾರ್ಲೆಟ್‌ಳನ್ನು ಅಲ್ಲಿಂದಲೇ ಗದರಿಸಿದ್ದಳು. ಗೆಳತಿಯ ಗುಟ್ಟು ಯಾರ ಕೈಗೂ ಸಿಗಬಾರದೆಂದು ಅವಳು ಷಾರ್ಲೆಟ್‌ಳ ಕಾಗದಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾಶಮಾಡಿದ್ದಳು. ನೆನಪಿನಿಂದಲೇ ಗ್ಯಾಸ್ಕೆಲ್‌ಗೆ ಬರೆದು ಕಳುಹಿಸಿದಳು. ಇಟ್ಟುಕೊಂಡವಳದೂ ಪ್ರೀತಿಯೇ, ಸುಟ್ಟವಳದೂ ಪ್ರೀತಿಯೇ.

ನಲವತ್ತನಾಲ್ಕರಲ್ಲಿ ಹಿಡಿದ ಈ ಕೆಲಸ ಮುಗಿದಾಗ ಗ್ಯಾಸ್ಕೆಲ್‌ಗೆ ನಲವತ್ತಾರು. ಊರೂರು ತಿರುಗಿದಳು, ಕಾಗದಗಳನ್ನು ನಕಲು ಮಾಡಿದಳು, 1856ರಲ್ಲಿ ಬ್ರಸೆಲ್ಸಿಗೂ ಹೋದಳು. ಷಾರ್ಲೆಟ್ 1842ರಿಂದ ಎರಡು ವರ್ಷದಷ್ಟು ಕಾಲ ಅಲ್ಲಿನ ಶಾಲೆಯೊಂದರಲ್ಲಿ ಓದಿ, ಪಾಠ ಹೇಳಿದ್ದಳು. ಶಾಲೆಯ ಒಡತಿ ಗ್ಯಾಸ್ಕೆಲ್‌ಗೆ ಮುಖ ತೋರಿಸಲಿಲ್ಲ. ಗಂಡ ಹೆಜೇ ಮಾತನಾಡಿದ, ಷಾರ್ಲೆಟ್ ಬರೆದಿದ್ದ ಕಾಗದಗಳ ವಿಷಯ ತಿಳಿಸಿದ. ವಿವಾಹಿತನಾದ ಆ ಗುರುವನ್ನು ಷಾರ್ಲೆಟ್ ಮರುಳಾಗಿ ಪ್ರೀತಿಸಿದ್ದಳು. ಒಂದು ಸಾಲಿನ ಉತ್ತರಕ್ಕಾಗಿ ಅಂಗಲಾಚಿದ್ದಳು. 'ಜೇನ್ ಐರ್', 'ವಿಲೆಟ್'ಗಳ ಬೇರು ಇಳಿದಿದ್ದದ್ದು ಆ ನೋವಿಗೆ.

ಈಗ ಷಾರ್ಲೆಟ್ ಕೇಳಿದ ಪ್ರಶ್ನೆ ಗ್ಯಾಸ್ಕೆಲ್‌ಳ ಎದುರಿಗೇ ಬಂದು ನಿಂತಿತು. ತಂದೆ ಬದುಕಿದ್ದಾನೆ, ಗಂಡ ಬದುಕಿದ್ದಾನೆ, ಗೆಳತಿಯ ಹೆಸರಿಗೆ ಕಳಂಕ ತಗುಲಿಸಲು ಬಾಯಿಗಳು ಕಾದಿವೆ. ಗ್ಯಾಸ್ಕೆಲ್ ಆ ಕಾಗದಗಳಿಂದ ನಿರಪಾಯವಾದ ಕೆಲವು ಸಾಲುಗಳನ್ನು ಮಾತ್ರ ಆರಿಸಿಕೊಂಡು, ಪ್ರೀತಿಯ ವಿಷಯವನ್ನು ಮುಚ್ಚಿಟ್ಟಳು. ಹೊಳೆಯುವ ಮೋಡ ನಡುವೆ ಬಂದೇ ಬಂತು. 1857ರ ಮಾರ್ಚಿನಲ್ಲಿ ಎರಡು ಸಂಪುಟಗಳಲ್ಲಿ ಚರಿತ್ರೆ ಹೊರಬಿದ್ದಾಗ ಜನ ಕಂಡದ್ದು ಕಷ್ಟಸಹಿಷ್ಣುವಾದ ಮಗಳನ್ನು, ಅಕ್ಕನನ್ನು. ಉರಿಯುವ ಹೆಣ್ಣನ್ನಲ್ಲ. ಆ ಕಾಗದಗಳು ಪತ್ರಿಕೆಯಲ್ಲಿ ಪೂರ್ತಿಯಾಗಿ ಅಚ್ಚಾದದ್ದು 1913ರಲ್ಲಿ.

ಆದರೆ ಈ ಮುಚ್ಚುಮರೆಯನ್ನು ಹೇಡಿತನವೆಂದು ಕರೆದರೆ ನ್ಯಾಯವಾಗದು. ಗೆಳತಿಗೆ ಅನ್ಯಾಯ ಮಾಡಿದರೆಂದು ತಾನು ನಂಬಿದವರ ಮೇಲೆ ಗ್ಯಾಸ್ಕೆಲ್ ಹಿಂದುಮುಂದು ನೋಡದೆ ಬರೆದಳು. ಮೊಕದ್ದಮೆಯ ಬೆದರಿಕೆ ಬಂತು. 'ಟೈಮ್ಸ್' ಪತ್ರಿಕೆಯಲ್ಲಿ ವಕೀಲರು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚುಮಾಡಿದರು. ಗೆಳತಿಗಾಗಿ ಇಷ್ಟು ಹಣ್ಣಾದವಳು ಗೆಳತಿಯ ಒಳಗುಟ್ಟನ್ನು ಮುಚ್ಚಿದ್ದೂ ಅದೇ ಅಕ್ಕರೆಯಿಂದ. ಬರಹಗಾರ್ತಿ ಬರೆಯಬೇಕಾದ ಕಡೆ ಗೆಳತಿ ಕೈಹಿಡಿದಳು. ನಾವಾಗಿದ್ದರೆ ಏನು ಮಾಡುತ್ತಿದ್ದೆವು?

ಆ ಚರಿತ್ರೆಯಲ್ಲಿ ಒಂದು ಕಡೆ ಗ್ಯಾಸ್ಕೆಲ್ ಹೆಂಗಸಿನ ಬರವಣಿಗೆಯ ಬಗ್ಗೆ ತನ್ನ ಮಾತನ್ನೇ ಆಡುತ್ತಾಳೆ. 'ಜೇನ್ ಐರ್' ಬಂದ ಮೇಲೆ ಷಾರ್ಲೆಟ್‌ಳ ಬಾಳು ಎರಡು ಹೊಳೆಗಳಾಗಿ ಹರಿಯಿತು: ಒಂದು ಲೇಖಕನ ಹೆಸರಿನದು, ಒಂದು ಹೆಂಗಸಿನದು. ಗಂಡಸು ಬರೆಯಲು ಕುಳಿತರೆ ಅವನ ಕಚೇರಿಯ ಕೆಲಸವನ್ನು ಇನ್ನೊಬ್ಬ ಮಾಡಿಯಾನು. ಮಗಳ, ಹೆಂಡತಿಯ, ತಾಯಿಯ ಕೆಲಸವನ್ನು ಇನ್ನೊಬ್ಬಳು ಮಾಡಲಾರಳು. ಹಾಗೆಂದು ಕೈಗೆ ಬಂದ ವರವನ್ನು ಮಣ್ಣಲ್ಲಿ ಹೂಳುವ ಹಕ್ಕೂ ಅವಳಿಗಿಲ್ಲ. ಎರಡೂ ಹೊರಬೇಕು. ಇದು ಷಾರ್ಲೆಟ್‌ಳ ಕಥೆಯೊಳಗೆ ಎಲಿಜಬೆತ್ ತನ್ನ ಕಥೆಯನ್ನೂ ಸೇರಿಸಿದ ಜಾಗ. ಉತ್ತರ ಬೇಡವೆಂದು ಕೇಳಿದ ಪ್ರಶ್ನೆಗೆ ನಾಲ್ಕು ವರ್ಷದ ಮೇಲೆ ಕೊಟ್ಟ ಉತ್ತರ. ಓದಬೇಕಾದವಳು ಮಾತ್ರ ಇರಲಿಲ್ಲ.

1862ರ ಆ ಕಾಗದವನ್ನು ಈಗ ಮತ್ತೊಮ್ಮೆ ಓದಿದರೆ ಅದರ ದನಿ ಬೇರೆಯಾಗಿ ಕೇಳುತ್ತದೆ. ನಲವತ್ತರ ತನಕ ಕಾಯಿ ಎಂದು ಹೇಳುವವಳು ಸುಖವಾಗಿ ಕಾದವಳಲ್ಲ. ಸತ್ತ ಕೂಸಿನ ತೊಟ್ಟಿಲ ಪಕ್ಕದಲ್ಲಿ ಬರೆಯಲು ಕಲಿತವಳು. ಮೊದಲು ಮೈಯಲ್ಲಿ ಕಸುವು ತುಂಬಿಕೊ, ಮೊದಲು ಬದುಕು ಎಂಬುದೇ ಆ ಕಾಗದದ ಒಳಮಾತು. ಬಟ್ಟೆ ನೆನೆಹಾಕುವ ಉಪಾಯವೂ ಅದಕ್ಕಾಗಿಯೇ. ಬರೆಯುವ ಹೆಂಗಸೊಬ್ಬಳು ಮೈ ಸೊರಗಿ ಸತ್ತದ್ದನ್ನು ಕೇಳಿ, ತಾನು ಸಮಯಕ್ಕೆ ಹೋಗಲಿಲ್ಲವೆಂದು ಕೊರಗಿದವಳು ಇನ್ನೊಬ್ಬಳಿಗೆ ಬೇರೆ ಏನು ತಾನೆ ಹೇಳಿಯಾಳು?

ಆದರೂ ಬುದ್ಧಿವಾದದಲ್ಲಿ ಅರ್ಧ ಮಾತ್ರ ನಿಜವಿದೆ. ಷಾರ್ಲೆಟ್ ನಲವತ್ತಕ್ಕೆ ಕಾದಿದ್ದರೆ 'ಜೇನ್ ಐರ್' ಇರುತ್ತಿರಲಿಲ್ಲ. ಎಲಿಜಬೆತ್ ಇಪ್ಪತ್ತೈದರಲ್ಲಿ ಆತುರಪಟ್ಟಿದ್ದರೆ 'ಕ್ರ್ಯಾನ್‌ಫರ್ಡ್'ನ ಮುದುಕಿಯರ ಆ ಮೃದುವಾದ ಹಾಸ್ಯ ಬಹುಶಃ ಇರುತ್ತಿರಲಿಲ್ಲ. ಉರಿಯಲ್ಲಿ ಹುಟ್ಟುವ ಬರಹ ಒಂದು, ಮಾಗಿ ಹುಟ್ಟುವ ಬರಹ ಒಂದು. ಯಾರ ಪಾಲಿಗೆ ಯಾವುದೆಂದು ವಯಸ್ಸು ಹೇಳಲಾರದು. ಅದಕ್ಕೇ ಇರಬೇಕು, ಬರೆಯುವವಳಿಗೆ ತನ್ನಂತಲ್ಲದ ಒಬ್ಬ ಗೆಳತಿ ಬೇಕು. ತನ್ನಲ್ಲಿಲ್ಲದ ಬಾಳನ್ನು ಅವಳಲ್ಲಿ ನೋಡಿ, ತಾನು ಆರಿಸಿಕೊಂಡದ್ದರ ಬೆಲೆ ಎಷ್ಟೆಂದು ತಿಳಿಯುವುದಕ್ಕೆ.

ಗ್ಯಾಸ್ಕೆಲ್‌ಳ ಕೊನೆಯ ಕಾದಂಬರಿ 'ವೈವ್ಸ್ ಅಂಡ್ ಡಾಟರ್ಸ್'. ಐವತ್ತನ್ನು ದಾಟಿದ ಮೇಲೆ ಬರೆದದ್ದು. ಆಕೆಯ ಕೃತಿಗಳಲ್ಲಿ ಇದೇ ಮೇಲೆಂದು ಹಲವರ ಮತ. 'ಜೇನ್ ಐರ್' ಪ್ರಕಟಿಸಿದ ಜಾರ್ಜ್ ಸ್ಮಿತ್‌ನ ಮಾಸಪತ್ರಿಕೆಯಲ್ಲೇ ಅದು ಧಾರಾವಾಹಿಯಾಗಿ ಬರುತ್ತಿತ್ತು. ಬರವಣಿಗೆಯ ಹಣದ ಬಲದಿಂದ ಆಕೆ ಹ್ಯಾಂಪ್‌ಷೈರಿನಲ್ಲಿ ಒಂದು ಮನೆ ಕೊಂಡಳು, ಗಂಡನಿಗೆ ತಿಳಿಸದೆ. ಮುಪ್ಪಿನಲ್ಲಿ ಅವನಿಗೆ ವಿಶ್ರಾಂತಿಯಾಗಲಿ ಎಂದು. ಹಿಂದೊಮ್ಮೆ ಅವನ ಜೇಬು ಸೇರಿದ 20 ಪೌಂಡು ನೆನಪಾಗುತ್ತದೆ. 1865ರ ನವೆಂಬರ್ 12, ಭಾನುವಾರ. ಆ ಹೊಸ ಮನೆಯಲ್ಲಿ ಹೆಣ್ಣುಮಕ್ಕಳೊಂದಿಗೆ ಚಹಾ ಕುಡಿಯುತ್ತ ಮಾತನಾಡುತ್ತಿದ್ದಂತೆಯೇ ಆಕೆ ಕುಸಿದು ಪ್ರಾಣ ಬಿಟ್ಟಳು. ವಯಸ್ಸು ಐವತ್ತೈದು. ಕಾದಂಬರಿಗೆ ಇನ್ನೇನು ಕಡೆಯ ಭಾಗವೊಂದು ಬಾಕಿಯಿತ್ತು. ಕಥೆ ಹೇಗೆ ಮುಗಿಯಬೇಕಿತ್ತೆಂದು ಪತ್ರಿಕೆಯ ಸಂಪಾದಕ ಒಂದು ಟಿಪ್ಪಣಿ ಬರೆದು ಸೇರಿಸಿದ.

ತನ್ನ ಚರಿತ್ರೆಯನ್ನು ಯಾರೂ ಬರೆಯಬಾರದೆಂದು ಆಕೆ ಬಯಸಿದ್ದಳು. ತನ್ನ ಕಾಗದಗಳನ್ನು ಸುಡಿ ಎಂದು ಅನೇಕರಿಗೆ ಹೇಳಿದ್ದಳು. ಕೆಲವರು ಸುಟ್ಟರು, ಕೆಲವರು ಇಟ್ಟುಕೊಂಡರು. ಉಳಿದವು 1966ರಲ್ಲಿ ಸಂಪುಟವಾಗಿ ಬಂದವು. ಮಾತು ಕೇಳದೆ ಇಟ್ಟುಕೊಂಡವರ ಪುಣ್ಯದಿಂದ ನಾವು ಆ ಹಲವು 'ನಾನು'ಗಳನ್ನೂ, ಜೇಬಿನ ಗುಂಡಿಯನ್ನೂ, ನೆನೆಹಾಕಿದ ಬಟ್ಟೆಯನ್ನೂ ಇಂದು ಓದುತ್ತಿದ್ದೇವೆ.